ಯೂಟಾದ ಮಾರ್ಮನ್ ನೆರೆಹೊರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಅಮೆರಿಕದ ಯೂಟಾ ರಾಜ್ಯಕ್ಕೆ ಬರುವ ನಮ್ಮವರು ಮೊದಲು ಚಳಿ ಎಷ್ಟು ಅಂತ ಕೇಳುತ್ತಾರೆ. ಆಮೇಲೆ ಮಾರ್ಮನ್ನರ ಬಗ್ಗೆ ಕೇಳುತ್ತಾರೆ. ಕಾಫಿ ಕುಡಿಯಲ್ಲವಂತೆ, ಹೆಂಡ ಮುಟ್ಟಲ್ಲವಂತೆ, ಭಾನುವಾರ ಅಂಗಡಿಗೂ ಹೋಗಲ್ಲವಂತೆ, ಇವರ ನಡುವೆ ಇರೋದು ಬೇಜಾರಲ್ವಾ? ನಾನು ಆ ಚರ್ಚಿನವನಲ್ಲ. ಅವರ ಬೀದಿಯಲ್ಲಿ ಮನೆ ಮಾಡಿಕೊಂಡು, ಅವರ ಜೊತೆ ಉಂಡು, ನಮ್ಮ ಮಕ್ಕಳನ್ನು ಅವರ ಮಕ್ಕಳ ಜೊತೆ ಆಡಲು ಬಿಟ್ಟವನು. ಬೇಜಾರು ಅನ್ನೋ ಮಾತೇ ಇಲ್ಲ. ಇವರ ಖುಷಿಯೆಲ್ಲ ಕೈಯಾರೆ ಮಾಡಿಕೊಂಡದ್ದು; ದುಡ್ಡು ಕೊಟ್ಟು ತಂದದ್ದು ಕಡಿಮೆ. ಅದಕ್ಕೇ ನನಗೆ ಅದು ಅಷ್ಟು ಹಿಡಿಸಿತು. ಹೊಸಬರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಮಾರ್ಮನ್ನರು ಅಂದರೆ ಯಾರು?

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕ ಕಟ್ಟಿದ ಕ್ರೈಸ್ತ ಪಂಥ ಇದು. ಬೈಬಲ್ ಜೊತೆಗೆ ಬುಕ್ ಆಫ್ ಮಾರ್ಮನ್ ಎಂಬ ಇನ್ನೊಂದು ಗ್ರಂಥವನ್ನೂ ಇವರು ಪವಿತ್ರ ಎಂದು ನಂಬುತ್ತಾರೆ. ಶುರುವಿನಲ್ಲಿ ಹೋದಲ್ಲೆಲ್ಲ ಜಗಳ. ಮಿಸೌರಿಯಿಂದ ಓಡಿಸಿದರು. ಇಲಿನಾಯ್‌ನಲ್ಲಿ 1844ರಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಸ್ಮಿತ್‌ರನ್ನು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಎಂಬ ನಾಯಕರ ಹಿಂದೆ ಎತ್ತಿನ ಗಾಡಿಗಳಲ್ಲಿ ಬಯಲು ದಾಟಿ, 1847ರ ಜುಲೈ 24ಕ್ಕೆ ಸಾಲ್ಟ್ ಲೇಕ್ ಕಣಿವೆ ಸೇರಿದರು.

ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಅದನ್ನೇ ಬಳಸಿ ಎಂದು 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಎದುರಿಗೆ ಮಾತಾಡುವಾಗ ಆ ಮರ್ಯಾದೆ ಕೊಡಿ. ನಮ್ಮ ಓದುಗರಿಗೆ ಗೊತ್ತಿರುವ ಹೆಸರು ಅಂತ ಇಲ್ಲಿ ಮಾರ್ಮನ್ ಎಂದೇ ಬರೆದಿದ್ದೇನೆ.

ಕಾಫಿ ಇಲ್ಲ, ಟೀ ಇಲ್ಲ, ಬಿಯರ್ ಇಲ್ಲ. ಹಾಗಾದರೆ ಏನು ಕುಡಿಯುತ್ತಾರೆ?

ಸೋಡಾ! ಇದಕ್ಕೆ ಸ್ವಲ್ಪ ಉದ್ದನೆಯ ಉತ್ತರ ಬೇಕು.

1833ರಲ್ಲಿ ಬಂದ ಆರೋಗ್ಯದ ನಿಯಮವೊಂದರ ಪ್ರಕಾರ ಮದ್ಯ, ತಂಬಾಕು, ಕಾಫಿ, ಟೀ ವರ್ಜ್ಯ. ಕೋಲಾದ ಬಗ್ಗೆ ಬಹಳ ಕಾಲ ಗೊಂದಲವಿತ್ತು. ಕೆಫೀನ್ ಇರುವ ತಂಪು ಪಾನೀಯಕ್ಕೆ ಅಡ್ಡಿಯಿಲ್ಲ ಎಂದು ಚರ್ಚ್ 2012ರಲ್ಲಿ ಸ್ಪಷ್ಟಪಡಿಸಿತು. ಅವರದೇ ವಿಶ್ವವಿದ್ಯಾಲಯ, ಪ್ರೊವೊ ನಗರದ ಬ್ರಿಗಮ್ ಯಂಗ್ ಯೂನಿವರ್ಸಿಟಿಯ ಕ್ಯಾಂಟೀನುಗಳಲ್ಲಿ ಕೆಫೀನ್ ಇರುವ ಕೋಲಾ ಸಿಗಲು ಶುರುವಾದದ್ದು 2017ರಲ್ಲಿ.

ಈ ನಿಯಮದ ಸಂದಿಯಲ್ಲೇ ಒಂದು ಹೊಸ ರುಚಿ ಹುಟ್ಟಿತು. 2010ರಲ್ಲಿ ಸೇಂಟ್ ಜಾರ್ಜ್ ಊರಿನಲ್ಲಿ ಸ್ವಿಗ್ ಎಂಬ ಪುಟ್ಟ ಅಂಗಡಿ ತೆರೆಯಿತು. ಡಯೆಟ್ ಕೋಕ್ ಅಥವಾ ಡಾಕ್ಟರ್ ಪೆಪ್ಪರ್‌ಗೆ ತೆಂಗಿನ ಸಿರಪ್ ಹಾಕಿ, ನಿಂಬೆ ಹಿಂಡಿ, ಬೇಕಿದ್ದರೆ ಕ್ರೀಮ್ ಬೆರೆಸಿ ಕೊಡುವುದು. ಇದೇ ಡರ್ಟಿ ಸೋಡಾ. ಈಗ ಯೂಟಾದಲ್ಲಿ ಇಂಥ ಅಂಗಡಿ ಇಲ್ಲದ ಊರು ಕಡಿಮೆ. ಸೋಡಾಲಿಶಿಯಸ್ ಎಂಬ ಎದುರಾಳಿ ಬಂದ ಮೇಲೆ ಡರ್ಟಿ ಎಂಬ ಹೆಸರು ಯಾರದ್ದು ಅಂತ ಕೋರ್ಟಿಗೂ ಹೋದರು; 2017ರಲ್ಲಿ ರಾಜಿಯಾಯಿತು.

ಸಂಜೆ ಹೊತ್ತು ಆ ಅಂಗಡಿಗಳ ಮುಂದೆ ಕಾರುಗಳ ಸಾಲು ನೋಡಬೇಕು. ಕಾಲೇಜು ಹುಡುಗರು, ಮಕ್ಕಳನ್ನು ಹಿಂದೆ ಕೂರಿಸಿಕೊಂಡ ತಾಯಂದಿರು, ಆಗಷ್ಟೇ ಪರಿಚಯವಾದ ಹುಡುಗ ಹುಡುಗಿ ಎಲ್ಲರೂ ಇರುತ್ತಾರೆ. ನಮ್ಮಲ್ಲಿ ಕಾಫಿ ಹೋಟೆಲ್ ಮಾಡುವ ಕೆಲಸವನ್ನೇ ಅಲ್ಲಿ ಸೋಡಾ ಅಂಗಡಿ ಮಾಡುತ್ತದೆ: ಕೂತು ಮಾತಾಡಲು ಒಂದು ನೆಪ. ಸಕ್ಕರೆ ಮಾತ್ರ ಸಿಕ್ಕಾಪಟ್ಟೆ. ಚಿಕ್ಕ ಲೋಟವೇ ತಗೊಳ್ಳಿ.

ಅವರನ್ನು ಮನೆಗೆ ಕರೆದರೆ ಕುಡಿಯಲು ಏನು ಕೊಡಲಿ?

ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕಿ ಕಾಯಬೇಡಿ, ಅಷ್ಟೇ. ಮಜ್ಜಿಗೆ, ಬಾದಾಮಿ ಹಾಲು, ನಿಂಬೆ ಪಾನಕ, ಬೆಲ್ಲದ ಪಾನಕ ಎಲ್ಲ ನಡೆಯುತ್ತದೆ. ಕೊತ್ತಂಬರಿ ಜೀರಿಗೆ ಕಷಾಯ ಕೂಡ ನಡೆಯುತ್ತದೆ. ಅವರಿಗೆ ಬೇಡದ್ದು ಟೀ ಗಿಡದ ಎಲೆ, ಅಂದರೆ ಕಪ್ಪು ಟೀ, ಗ್ರೀನ್ ಟೀ ಎರಡೂ. ಮಸಾಲೆ ಚಹಾ ಅದೇ ಎಲೆಯದ್ದು, ಅದೂ ಬೇಡ. ನೀವು ಅವರೆದುರು ಕಾಫಿ ಕುಡಿದರೆ ಏನೂ ಅಂದುಕೊಳ್ಳುವುದಿಲ್ಲ. ವಾಸನೆ ಚೆನ್ನಾಗಿದೆ ಅಂತ ಹೇಳಿದವರನ್ನೂ ನೋಡಿದ್ದೇನೆ.

ಪಾಟ್‌ಲಕ್ ಊಟಕ್ಕೆ ಕರೆದಿದ್ದಾರೆ. ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು?

ಖಂಡಿತ ಹೋಗಿ. ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವ ಊಟ ಇದು. ಆದರೆ ಎರಡು ತಿನಿಸುಗಳ ಬಗ್ಗೆ ಮೊದಲೇ ಗೊತ್ತಿರಲಿ.

ಒಂದು, ಹಸಿರು ಜೆಲ್ಲೊ. ಬಣ್ಣದ ಸಿಹಿ ಜೆಲ್ಲಿಯೊಳಗೆ ಅನಾನಸ್ ಚೂರು, ಕೆಲವೊಮ್ಮೆ ಕ್ಯಾರೆಟ್ ತುರಿ ಕೂಡ ಹಾಕುತ್ತಾರೆ. 2001ರಲ್ಲಿ ಶಾಸನಸಭೆ ಜೆಲ್ಲೊವನ್ನು ಯೂಟಾದ ಅಧಿಕೃತ ತಿಂಡಿ ಎಂದು ಘೋಷಿಸಿತು. ಮರುವರ್ಷ ಸಾಲ್ಟ್ ಲೇಕ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಹಸಿರು ಜೆಲ್ಲೊ ಚಿತ್ರದ ಪಿನ್ನುಗಳಿಗೆ ಜನ ಮುಗಿಬಿದ್ದರು. ತನ್ನ ಊರಿನ ಸಾದಾ ತಿಂಡಿಯನ್ನು ಹೀಗೆ ಎದೆಯ ಮೇಲೆ ಹಾಕಿಕೊಂಡು ಮೆರೆಸುವ ಜನ ನನಗೆ ಇಷ್ಟ. ಆದರೆ ಜೆಲ್ಲೊದಲ್ಲಿ ಜೆಲಟಿನ್ ಇದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಹಾಗಾಗಿ ನಮಗೆ ಆಗುವುದಿಲ್ಲ.

ಇನ್ನೊಂದು ಫ್ಯೂನರಲ್ ಪೊಟೇಟೋಸ್. ತುರಿದ ಆಲೂಗಡ್ಡೆ, ಚೀಸ್, ಹುಳಿ ಕ್ರೀಮ್, ಡಬ್ಬಿಯ ಗಟ್ಟಿ ಸೂಪ್ ಕಲಸಿ, ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಕಾರ್ನ್‌ಫ್ಲೇಕ್ಸ್ ಉದುರಿಸಿ ಓವನ್‌ನಲ್ಲಿಟ್ಟರೆ ಆಯಿತು. ಸಾವಿನ ಮನೆಯವರಿಗೆ ಚರ್ಚಿನ ಹೆಂಗಸರು ಬಡಿಸುವ ಊಟದಲ್ಲಿ ಇದು ಇದ್ದೇ ಇರುತ್ತದೆ. ಈಗ ಕ್ರಿಸ್ಮಸ್ಸಿಗೂ ಮಾಡುತ್ತಾರೆ, ಮದುವೆಗೂ ಮಾಡುತ್ತಾರೆ. ಆ ಸೂಪ್ ಹೆಚ್ಚಾಗಿ ಕೋಳಿಯದ್ದು. ಅಣಬೆ ಸೂಪ್ ಹಾಕಿ ಮಾಡಿದ್ದೀರಾ ಅಂತ ಕೇಳಿ. ಮುಂದಿನ ಸಲ ನಿಮಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಟ್ಟಿರುತ್ತಾರೆ. ಇದನ್ನು ಖಾತ್ರಿಯಾಗಿ ಹೇಳಬಲ್ಲೆ, ನಮ್ಮ ಮನೆಯವರಿಗೆ ಹೀಗೆಯೇ ಆಗಿದೆ.

ನೀವು ಚಿತ್ರಾನ್ನ ತಗೊಂಡು ಹೋಗಿ. ಹಸಿಮೆಣಸು ಕಡಿಮೆ ಇರಲಿ.

ವಾರ್ಡ್, ವಾರ್ಡ್ ಅಂತಿರುತ್ತಾರಲ್ಲ, ಅದೇನು?

ಇದು ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ವಾರ್ಡ್ ಅಂದರೆ ಸುತ್ತಲಿನ ಕೆಲವು ಬೀದಿಗಳ ಒಂದು ಸಭೆ. ಯಾವ ಚರ್ಚಿಗೆ ಹೋಗಬೇಕು ಎಂಬುದನ್ನು ನಿಮ್ಮ ವಿಳಾಸವೇ ನಿರ್ಧರಿಸುತ್ತದೆ. ಪ್ರವಚನ ಇಷ್ಟವಾಯಿತು ಅಂತ ಬೇರೆ ಕಡೆ ಹೋಗುವ ರೂಢಿ ಇಲ್ಲ. ಹಾಗಾಗಿ ಕಂಪನಿಯ ದೊಡ್ಡ ಮ್ಯಾನೇಜರ್, ಅವನ ಮನೆ ನಲ್ಲಿ ರಿಪೇರಿ ಮಾಡುವವನು, ಎದುರುಮನೆಯ ವಯಸ್ಸಾದ ಅಜ್ಜಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ವಾರ್ಡಿಗೆ ಸಂಬಳದ ಪಾದ್ರಿ ಇರುವುದಿಲ್ಲ. ಬಿಷಪ್ ಅಂದರೆ ಅದೇ ಬೀದಿಯ ಹಲ್ಲಿನ ಡಾಕ್ಟರೋ, ಮೇಷ್ಟ್ರೋ, ವಿಮೆ ಮಾರುವವನೋ ಆಗಿರುತ್ತಾನೆ. ಸುಮಾರು ಐದು ವರ್ಷ ಪುಕ್ಕಟೆ ದುಡಿದು ಮತ್ತೊಬ್ಬರಿಗೆ ಬಿಟ್ಟುಕೊಡುತ್ತಾನೆ. ಬರೀ ಬಿಷಪ್ ಮಾತ್ರ ಅಲ್ಲ, ಹೆಚ್ಚುಕಡಿಮೆ ಎಲ್ಲರಿಗೂ ಒಂದೊಂದು ಕೆಲಸ ಹಂಚಿರುತ್ತಾರೆ. ಒಬ್ಬಳಿಗೆ ಆರ್ಗನ್ ನುಡಿಸುವುದು, ಒಬ್ಬನಿಗೆ ಚಿಕ್ಕ ಮಕ್ಕಳನ್ನು ಆಡಿಸುವುದು, ಇನ್ನೊಬ್ಬನಿಗೆ ಮುಂದಿನ ತಿಂಗಳ ಬಾರ್ಬೆಕ್ಯೂ ಏರ್ಪಾಡು. ಭಾನುವಾರದ ಪ್ರವಚನವನ್ನೂ ಸರದಿಯ ಮೇಲೆ ಸದಸ್ಯರೇ ಮಾಡುತ್ತಾರೆ. ಹದಿಮೂರು ವರ್ಷದ ಹುಡುಗಿ ಮೈಕಿನ ಮುಂದೆ ನಿಂತು ಐದು ನಿಮಿಷ ಮಾತಾಡಿ ಇಳಿಯುತ್ತಾಳೆ. ನೋಡಿದರೆ ಖುಷಿಯಾಗುತ್ತದೆ. ನಮ್ಮ ಮಕ್ಕಳಿಗೂ ಇಂಥ ಅವಕಾಶ ಸಿಗಬೇಕು ಅನಿಸುತ್ತದೆ.

ಹೆಂಗಸರ ಸಂಘದ ಹೆಸರು ರಿಲೀಫ್ ಸೊಸೈಟಿ. ಅದು ಹುಟ್ಟಿದ್ದು 1842ರ ಮಾರ್ಚ್ 17ರಂದು, ಇಲಿನಾಯ್‌ನ ನಾವೂ (Nauvoo) ಎಂಬ ಊರಿನಲ್ಲಿ. ಹೆರಿಗೆಯಾದ ಮನೆ, ಆಪರೇಷನ್ ಆದವರ ಮನೆಗೆ ಯಾವ ದಿನ ಯಾರು ಊಟ ಒಯ್ಯಬೇಕು ಎಂಬ ಪಟ್ಟಿ ಕ್ಷಣದಲ್ಲಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ಅವರ ಧರ್ಮಕ್ಕೆ ಸೇರದ ನೆರೆಯವರೂ ಇರುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಮಾಡಿ, ಉಳಿದ ಊಟದ ದುಡ್ಡನ್ನು ಕಷ್ಟದಲ್ಲಿರುವವರಿಗೆ ಕೊಡುವ ಪದ್ಧತಿಯೂ ಇದೆ. ಏಕಾದಶಿ ಮಾಡುವ ಮನೆಯಿಂದ ಬಂದವರಿಗೆ ಇದು ಬೇಗ ಒಗ್ಗುತ್ತದೆ.

ಮನೆ ಸಾಮಾನು ಸಾಗಿಸುವ ದಿನ ಗೊತ್ತಿಲ್ಲದವರೆಲ್ಲ ಬಂದು ಸೋಫಾ ಎತ್ತಿಕೊಟ್ಟರು. ದುಡ್ಡು ಕೊಡಬೇಕಿತ್ತಾ?

ಬೇಡ. ಬಂದವರು ವಾರ್ಡಿನ ಗಂಡಸರು. ಬೀದಿಗೆ ಟ್ರಕ್ ಬಂತು ಅಂದರೆ ಸಾಕು. ತಣ್ಣೀರು, ಡೋನಟ್ ಕೊಟ್ಟರೆ ಸಂತೋಷ. ಮುಂದೆ ಇನ್ನೊಬ್ಬರು ಬಂದಾಗ ನೀವೂ ಒಂದು ಕೈ ಹಾಕಿ.

ಚರ್ಚಿನೊಳಗೆ ಬಾಸ್ಕೆಟ್‌ಬಾಲ್ ಕೋರ್ಟ್ ಇದೆಯಂತೆ, ನಿಜವಾ?

ನಿಜ. ಪ್ರಾರ್ಥನಾ ಹಾಲ್ ಹಿಂದೆಯೇ ದೊಡ್ಡದೊಂದು ಕೋಣೆ, ಎರಡು ತುದಿಗೂ ಬುಟ್ಟಿ, ಒಂದು ಪಕ್ಕಕ್ಕೆ ನಾಟಕದ ರಂಗ. ಅದಕ್ಕೆ ಕಲ್ಚರಲ್ ಹಾಲ್ ಅನ್ನುತ್ತಾರೆ. ಮದುವೆ ಆರತಕ್ಷತೆ, ಮಕ್ಕಳ ನಾಟಕ, ಕುಣಿತ, ಊಟ ಎಲ್ಲ ಅಲ್ಲೇ. ಚರ್ಚ್ ಲೀಗಿನ ಬಾಸ್ಕೆಟ್‌ಬಾಲನ್ನು ಅವರೇ "ಪ್ರಾರ್ಥನೆಯಿಂದ ಶುರುವಾಗುವ ಹೊಡೆದಾಟ" ಅಂತ ಕರೆದು ನಗುತ್ತಾರೆ. ಮೆಲ್ಲಗೆ ಮಾತಾಡುವ ಲೆಕ್ಕಪರಿಶೋಧಕರು ಅಲ್ಲಿ ಮೊಣಕೈ ಬೀಸುವುದನ್ನು ನೋಡಿದರೆ ಆ ಮಾತು ನಿಜ ಅನಿಸುತ್ತದೆ.

ಕುಣಿತದ ಇತಿಹಾಸ ಇನ್ನೂ ಚೆನ್ನ. ಅದೇ ಕಾಲದ ಎಷ್ಟೋ ಕ್ರೈಸ್ತ ಪಂಥಗಳು ಕುಣಿತ, ನಾಟಕಗಳನ್ನು ಪಾಪ ಎಂದು ದೂರ ಇಟ್ಟಿದ್ದವು. ಬ್ರಿಗಮ್ ಯಂಗ್ ಹಾಗಲ್ಲ. ಬಯಲು ದಾಟುವಾಗ ರಾತ್ರಿ ಗಾಡಿಗಳನ್ನು ನಿಲ್ಲಿಸಿ, ಪಿಟೀಲು ಬಾರಿಸಿ, ಬೆಂಕಿಯ ಸುತ್ತ ಕುಣಿದರು. ಸಾಲ್ಟ್ ಲೇಕ್ ಇನ್ನೂ ಮಣ್ಣಿನ ಇಟ್ಟಿಗೆಯ ಊರಾಗಿದ್ದಾಗಲೇ, 1852ರಲ್ಲಿ, ನಾಟಕ ಮತ್ತು ಕುಣಿತಕ್ಕೆಂದು ಸೋಷಿಯಲ್ ಹಾಲ್ ಕಟ್ಟಿದರು. 1862ರಲ್ಲಿ ದೊಡ್ಡ ರಂಗಮಂದಿರವೇ ಬಂತು. ದೇಶದ ಮೂಲೆಯ ಮರುಭೂಮಿಯಲ್ಲಿ ಜನ ಹೊಟ್ಟೆ ತುಂಬುವ ಚಿಂತೆಯಲ್ಲಿದ್ದಾಗ ಈ ಕೆಲಸ ನಡೆದಿದೆ. ದಣಿದ ಜನರಿಗೆ ನಗು, ಕುಣಿತ ಬೇಕೇ ಬೇಕು ಎಂದು ನಂಬಿದ ನಾಯಕ ಆತ.

ಇಂದಿಗೂ ಬ್ರಿಗಮ್ ಯಂಗ್ ಯೂನಿವರ್ಸಿಟಿಯ ಬಾಲ್‌ರೂಮ್ ನೃತ್ಯ ತಂಡಕ್ಕೆ ದೊಡ್ಡ ಹೆಸರಿದೆ. ಹೆಂಡ ಕುಡಿಯದ ಕಾಲೇಜುಗಳ ಪಟ್ಟಿಯಲ್ಲೂ ಆ ವಿಶ್ವವಿದ್ಯಾಲಯ ವರ್ಷವರ್ಷವೂ ಮೊದಲ ಸ್ಥಾನ ಪಡೆಯುತ್ತದೆ. ವಿದ್ಯಾರ್ಥಿಗಳು ಅದನ್ನು ಚಾಕೊಲೇಟ್ ಹಾಲು ಕುಡಿದು ಆಚರಿಸುತ್ತಾರೆ.

ಸೋಮವಾರ ಸಂಜೆ ಯಾರನ್ನು ಕರೆದರೂ ಬರುವುದಿಲ್ಲ. ಯಾಕೆ?

ಅದು ಮನೆಯವರಿಗೆ ಮೀಸಲಿಟ್ಟ ಸಂಜೆ. ಫ್ಯಾಮಿಲಿ ಹೋಮ್ ಈವ್ನಿಂಗ್ ಎಂಬ ಈ ಪದ್ಧತಿಯನ್ನು 1915ರಲ್ಲಿ ಶುರು ಮಾಡಿದರು, 1970ರಲ್ಲಿ ಸೋಮವಾರಕ್ಕೆ ನಿಗದಿ ಮಾಡಿದರು. ಒಂದು ಹಾಡು, ಒಂದು ಪ್ರಾರ್ಥನೆ, ಚಿಕ್ಕ ಪಾಠ, ಆಮೇಲೆ ಆಟ, ಕೊನೆಗೆ ಸಿಹಿ. ಮಕ್ಕಳಿಗೆ ಪಾಠಕ್ಕಿಂತ ಸಿಹಿಯೇ ನೆನಪಿರುತ್ತದೆ, ಅದರಲ್ಲೇನು ತಪ್ಪು? ಇದನ್ನು ಕಲಿಯಲು ಯಾವ ಧರ್ಮವೂ ಅಡ್ಡ ಬರುವುದಿಲ್ಲ. ನಮ್ಮ ಮನೆಯಲ್ಲೂ ವಾರಕ್ಕೊಂದು ಸಂಜೆ ಫೋನ್ ಪಕ್ಕಕ್ಕಿಟ್ಟು ಚೌಕಾಬಾರ ಆಡುತ್ತೇವೆ.

ಬಿಳಿ ಅಂಗಿ, ಟೈ, ಕಪ್ಪು ಹೆಸರಿನ ಬಿಲ್ಲೆ ಹಾಕಿಕೊಂಡು ಜೋಡಿಯಾಗಿ ಓಡಾಡುವ ಹುಡುಗರು ಯಾರು? ಮತಾಂತರ ಮಾಡುತ್ತಾರಾ?

ಅವರು ಮಿಷನರಿಗಳು. ತಮ್ಮ ನಂಬಿಕೆಯನ್ನು ಹೇಳಿ ಜನರನ್ನು ಸೇರಿಸುವುದೇ ಅವರ ಕೆಲಸ. ಅದರಲ್ಲಿ ಮುಚ್ಚುಮರೆ ಇಲ್ಲ. ನಿಮಗೆ ಬೇಡದಿದ್ದರೆ "ಬೇಡ, ಥ್ಯಾಂಕ್ಸ್" ಅಂತ ನೇರವಾಗಿ ಹೇಳಿ. ಬಿಸಿಲಲ್ಲಿ ಬಂದಿದ್ದರೆ ಒಂದು ಲೋಟ ನೀರು ಕೊಡಿ.

ಹುಡುಗರು 18 ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಹೋಗುತ್ತಾರೆ. ಖರ್ಚು ಅವರದ್ದು, ಅವರ ಮನೆಯವರದ್ದು. ಯಾವ ದೇಶಕ್ಕೆ ಎಂಬುದನ್ನು ಚರ್ಚ್ ನಿರ್ಧರಿಸುತ್ತದೆ. ಆ ಪತ್ರ ತೆರೆಯುವ ದಿನ ಮನೆಯಲ್ಲಿ ಪರೀಕ್ಷೆಯ ಫಲಿತಾಂಶದ ದಿನದ ಉಸಿರು ಬಿಗಿಹಿಡಿದ ವಾತಾವರಣ. ನೆಂಟರು, ಗೆಳೆಯರು ಸೇರಿರುತ್ತಾರೆ. ಊರಿನ ಹೆಸರು ಓದುತ್ತಿದ್ದ ಹಾಗೆ ಕೇಕೆ, ಕಣ್ಣೀರು ಎಲ್ಲ ಒಟ್ಟಿಗೆ. ಹೊಸ ಭಾಷೆ ಬೇಕಿದ್ದರೆ ಪ್ರೊವೊದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಲಿಸುತ್ತಾರೆ. ಹಾಗಾಗಿಯೇ ಯೂಟಾದ ಆಫೀಸುಗಳಲ್ಲಿ ಪಕ್ಕದ ಮೇಜಿನವನು ಕೊರಿಯನ್ ಮಾತಾಡುತ್ತಾನೆ, ಎದುರಿನವಳು ಪೋರ್ಚುಗೀಸ್ ಮಾತಾಡುತ್ತಾಳೆ. ಹಿಂದೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶ ಇತ್ತು: ಕ್ರಿಸ್ಮಸ್ ಮತ್ತು ಅಮ್ಮಂದಿರ ದಿನ. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಅಮ್ಮಂದಿರು ಅಂದು ಎಷ್ಟು ನಿಟ್ಟುಸಿರು ಬಿಟ್ಟಿರಬೇಕು!

ಬೈಗುಳವೇ ಇಲ್ಲವಂತೆ?

"ಓ ಮೈ ಹೆಕ್", "ಫ್ಲಿಪ್", "ಫೆಚ್" ಇವೇ ಅಲ್ಲಿನ ದೊಡ್ಡ ಬೈಗುಳ. ಮಕ್ಕಳಿಗೆ ಬೇಗ ಹತ್ತುತ್ತವೆ. ಹತ್ತಲಿ ಬಿಡಿ.

ಅವರ ಹಬ್ಬಗಳಲ್ಲಿ ನಾವೂ ಸೇರಬಹುದಾ?

ಸೇರಬಹುದು. ಜುಲೈ 24 ಪಯೋನಿಯರ್ ಡೇ, ಯೂಟಾ ಪೂರ್ತಿ ರಜೆ. ಮೆರವಣಿಗೆ, ರೋಡಿಯೊ (ಕುದುರೆ, ಗೂಳಿ ಸವಾರಿಯ ಪಂದ್ಯ), ಪಟಾಕಿ ಎಲ್ಲ ಇರುತ್ತದೆ. ಸಾಲ್ಟ್ ಲೇಕ್ ಮೆರವಣಿಗೆಗೆ ಜಾಗ ಹಿಡಿಯಲು ಹಿಂದಿನ ರಾತ್ರಿಯೇ ರಸ್ತೆ ಬದಿ ಹಾಸಿಗೆ ಹಾಸಿ ಮಲಗುತ್ತಾರೆ.

ಏಪ್ರಿಲ್ ಮತ್ತು ಅಕ್ಟೋಬರ್‌ನ ಮೊದಲ ವಾರಾಂತ್ಯ ಚರ್ಚಿನ ಮಹಾಸಭೆ. 21,000 ಜನ ಕೂರುವ ಸಭಾಂಗಣದಲ್ಲಿ ನಡೆಯುತ್ತದೆ. ಬಹಳ ಮನೆಗಳಲ್ಲಿ ಅದನ್ನು ಟಿವಿಯಲ್ಲೇ ನೋಡುತ್ತಾರೆ, ರಾತ್ರಿಯ ಬಟ್ಟೆಯಲ್ಲೇ, ದಾಲ್ಚಿನ್ನಿ ರೋಲ್ ತಿನ್ನುತ್ತಾ. ಭಾಷಣದಲ್ಲಿ ಇಂಥ ಪದ ಬಂದರೆ ಗುರುತು ಹಾಕು ಅಂತ ಮಕ್ಕಳಿಗೆ ಬಿಂಗೊ ಹಾಳೆ ಕೊಟ್ಟಿರುತ್ತಾರೆ.

ಡಿಸೆಂಬರ್‌ನಲ್ಲಿ ಕೆಂಪು ಗಿವಿಂಗ್ ಮಷೀನ್‌ಗಳನ್ನು ನೋಡಲೇಬೇಕು. 2017ರಲ್ಲಿ ಸಾಲ್ಟ್ ಲೇಕ್‌ನಲ್ಲಿ ಶುರುವಾಯಿತು. ಚಿಪ್ಸ್ ಮಾರುವ ಯಂತ್ರದ ಹಾಗೇ ಇರುತ್ತದೆ, ಆದರೆ ನೀವು ಗುಂಡಿ ಒತ್ತಿ ಕೊಳ್ಳುವುದು ಬೇರೆಯವರಿಗೆ: ಒಂದು ಮೇಕೆ, ಎರಡು ಕೋಳಿ, ಒಂದು ಜೊತೆ ಶೂ, ಲಸಿಕೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಆಯ್ಕೆ ಅವರಿಗೇ ಬಿಡಿ. ಮೇಕೆಗೆ ಬೇಡಿಕೆ ಜಾಸ್ತಿ.

ಯೂಟಾದಲ್ಲಿ ಹೋಳಿ ದೊಡ್ಡದಾಗಿ ಆಗುತ್ತದಂತೆ? ಅಲ್ಲಿ ಹಿಂದೂಗಳು ಅಷ್ಟಿದ್ದಾರಾ?

ಬಣ್ಣ ಎರಚುವವರಲ್ಲಿ ಬಹುಪಾಲು ಮಾರ್ಮನ್ ವಿದ್ಯಾರ್ಥಿಗಳೇ. ಪ್ರೊವೊ ಹತ್ತಿರದ ಸ್ಪ್ಯಾನಿಶ್ ಫೋರ್ಕ್ ಊರಿನ ಗುಡ್ಡದ ಮೇಲೆ ರಾಧಾಕೃಷ್ಣ ದೇವಸ್ಥಾನ ಇದೆ. ಅದನ್ನು ಕಟ್ಟುವಾಗ ಮಾರ್ಮನ್ ಚರ್ಚ್ ದೇಣಿಗೆ ಕೊಟ್ಟಿತು, ಸದಸ್ಯರು ಬಂದು ಕೈಯಾರೆ ಕೆಲಸ ಮಾಡಿದರು. ವಸಂತದ ಬಣ್ಣದ ಹಬ್ಬಕ್ಕೆ ಸಾವಿರಾರು ಯುವಕರು ಬಂದು ಕೀರ್ತನೆಗೆ ಕುಣಿಯುತ್ತಾರೆ. ಹೆಂಡ ಇಲ್ಲ, ಮಾಂಸ ಇಲ್ಲ, ಬರೀ ಬಣ್ಣ ಮತ್ತು ಹಾಡು. ಅವರ ರೀತಿಗೂ ನಮ್ಮ ದೇವಸ್ಥಾನದ ರೀತಿಗೂ ಎಷ್ಟು ಸಲೀಸಾಗಿ ಹೊಂದಿಕೆಯಾಯಿತು ನೋಡಿ.

ಸತ್ತವರ ಹೆಸರುಗಳನ್ನೆಲ್ಲ ಸಂಗ್ರಹಿಸುತ್ತಾರಂತೆ?

ಹೌದು. ಕುಟುಂಬದ ನಂಟು ಸಾವಿನಾಚೆಗೂ ಉಳಿಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಅದಕ್ಕೇ ಪೂರ್ವಜರನ್ನು ಹುಡುಕುತ್ತಾರೆ, ಅವರ ಪರವಾಗಿ ಟೆಂಪಲ್ ಅನ್ನುವ ತಮ್ಮ ವಿಶೇಷ ಪವಿತ್ರ ಮಂದಿರದಲ್ಲಿ ದೀಕ್ಷೆ ಪಡೆಯುತ್ತಾರೆ. ಈ ದೀಕ್ಷೆಯ ವಿಚಾರ ಹೊರಗಿನ ಕೆಲವರಿಗೆ ಹಿಡಿಸುವುದಿಲ್ಲ, ಅದೂ ಅರ್ಥವಾಗುವ ಮಾತೇ. ಆದರೆ ಈ ಹುಡುಕಾಟದಿಂದ ಲೋಕಕ್ಕೆ ಒಂದು ದೊಡ್ಡ ಉಪಕಾರ ಆಗಿದೆ. 1894ರಲ್ಲಿ ಶುರುವಾದ ಅವರ ವಂಶಾವಳಿ ಸಂಸ್ಥೆ ಈಗ ಫ್ಯಾಮಿಲಿಸರ್ಚ್ ಎಂಬ ಹೆಸರಲ್ಲಿ ಯಾರಿಗೂ ಪುಕ್ಕಟೆಯಾಗಿ ದಾಖಲೆ ತೋರಿಸುತ್ತದೆ. ಮೂಲ ಫಿಲ್ಮ್‌ಗಳು ಸಾಲ್ಟ್ ಲೇಕ್ ಬಳಿಯ ಗ್ರಾನೈಟ್ ಬೆಟ್ಟವೊಂದರ ಒಳಗೆ ಕೊರೆದ ಉಗ್ರಾಣದಲ್ಲಿವೆ.

ನಮಗೆ ಸಂಬಂಧಿಸಿದ್ದೂ ಇದೆ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳು, ಅಂದರೆ ಅಲ್ಲಿನ ಪುರೋಹಿತರು, ತಲೆಮಾರುಗಳಿಂದ ಬರೆದಿಟ್ಟ ಯಾತ್ರಿಕರ ವಂಶಾವಳಿ ಪುಸ್ತಕಗಳನ್ನೂ ಇವರು ಚಿತ್ರೀಕರಿಸಿ ಇಟ್ಟಿದ್ದಾರೆ. ಮುತ್ತಜ್ಜ ಹರಿದ್ವಾರ ಯಾತ್ರೆ ಮಾಡಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರೆ, ಒಮ್ಮೆ ಆ ಸಂಗ್ರಹ ತೆರೆದು ನೋಡಿ.

ಒಬ್ಬನಿಗೆ ನಾಲ್ಕು ಹೆಂಡತಿಯರು ಅನ್ನುವುದು ಈಗಲೂ ಇದೆಯಾ?

ಇಲ್ಲ. 1890ರಲ್ಲಿ ಚರ್ಚ್ ಅದನ್ನು ಕೈಬಿಡುವುದಾಗಿ ಘೋಷಿಸಿತು. ಈಗ ಯಾರಾದರೂ ಮಾಡಿದರೆ ಹೊರಹಾಕುತ್ತಾರೆ. ಇಂದಿಗೂ ಅದನ್ನು ಪಾಲಿಸುವ ಸಣ್ಣ ಗುಂಪುಗಳು ಬೇರೆ, ಈ ಚರ್ಚ್ ಬೇರೆ.

ಬರೀ ಹೊಗಳುತ್ತಿದ್ದೀರಿ. ಎಲ್ಲವೂ ಚಂದವಾ?

ಅಲ್ಲ. ಕಪ್ಪು ಗಂಡಸರಿಗೆ ಪೌರೋಹಿತ್ಯದ ಹಕ್ಕು ಸಿಕ್ಕಿದ್ದು 1978ರಲ್ಲಿ, ಬಹಳ ತಡವಾಗಿ. ಹೆಂಗಸರಿಗೆ ಇಂದಿಗೂ ಇಲ್ಲ. ಸಲಿಂಗ ವಿವಾಹವನ್ನು ಒಪ್ಪುವುದಿಲ್ಲ, ಅದರಿಂದ ನೊಂದ ಕುಟುಂಬಗಳಿವೆ. ಎಲ್ಲರೂ ಒಂದೇ ಸಭೆಗೆ ಸೇರಿದ ಬೀದಿಯಲ್ಲಿ, ಅದನ್ನು ಬಿಟ್ಟು ಬಂದವರಿಗೆ ಒಂಟಿತನ ಕಾಡುತ್ತದೆ. ನಮ್ಮಂಥ ಹೊರಗಿನವರ ಮಕ್ಕಳಿಗೂ ಭಾನುವಾರ ಆಡಲು ಜೊತೆ ಸಿಗದೆ ಬೇಜಾರಾಗುವುದುಂಟು. ಇದನ್ನು ಅವರೊಡನೆ ಮಾತಾಡಬಹುದು. ಮೆತ್ತಗೆ ಕೇಳಿದರೆ ಮೆತ್ತಗೆ ಉತ್ತರಿಸುತ್ತಾರೆ.

ಹಾಸ್ಯವನ್ನೂ ತಾಳಿಕೊಳ್ಳುತ್ತಾರೆ. 2011ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಅವರನ್ನು ಚೆನ್ನಾಗಿ ಗೇಲಿ ಮಾಡಿದ ಸಂಗೀತ ನಾಟಕ ಬಂತು, ಹೆಸರು ಅವರ ಗ್ರಂಥದ್ದೇ: ಬುಕ್ ಆಫ್ ಮಾರ್ಮನ್. ಚರ್ಚ್ ಪ್ರತಿಭಟನೆಗೆ ಇಳಿಯಲಿಲ್ಲ. ಪ್ರೇಕ್ಷಕರ ಕೈಗೆ ಕೊಡುವ ಪುಸ್ತಿಕೆಯಲ್ಲೇ ಜಾಹೀರಾತು ಹಾಕಿಸಿತು: ನಾಟಕ ನೋಡಿದ್ದಾಯಿತು, ಈಗ ಪುಸ್ತಕ ಓದಿ ಅಂತ.

ಕರ್ನಾಟಕದಲ್ಲಿ ಇವರಿದ್ದಾರಾ?

ಇದ್ದಾರೆ, ಸಂಖ್ಯೆ ದೊಡ್ಡದಲ್ಲ. ಅವರ ಬೆಂಗಳೂರು ಮಿಷನ್ 1993ರಲ್ಲಿ ಶುರುವಾಯಿತು. ಭಾರತದ ಮೊದಲ ಟೆಂಪಲ್ ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿದರು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯ ಹಾಗೆ ಮಣ್ಣು ತೆಗೆಯುವ ಕಾರ್ಯಕ್ರಮ ನಡೆಯಿತು. ಭಾನುವಾರದ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು. ಟೆಂಪಲ್ ಹಾಗಲ್ಲ. ಉದ್ಘಾಟನೆಗೆ ಮುಂಚೆ ಕೆಲವು ವಾರ ಎಲ್ಲರಿಗೂ ಒಳಗೆ ಬಿಡುತ್ತಾರೆ, ಆಮೇಲೆ ಯೋಗ್ಯರೆಂದು ಚೀಟಿ ಪಡೆದ ಸದಸ್ಯರಿಗೆ ಮಾತ್ರ.

ಎರಡೇ ದಿನ ಸಾಲ್ಟ್ ಲೇಕ್‌ನಲ್ಲಿ ಇರುತ್ತೇವೆ. ಏನು ನೋಡಬೇಕು?

ಹಾಡು ಕೇಳಿ. ಟೆಂಪಲ್ ಸ್ಕ್ವೇರ್‌ನ ಟ್ಯಾಬರ್‌ನೇಕಲ್ ಎಂಬ ಸಭಾಂಗಣ 1867ರ ಕಟ್ಟಡ. ದೊಡ್ಡ ಗುಮ್ಮಟದ ಕೆಳಗೆ ಒಂದು ತುದಿಯಲ್ಲಿ ಗುಂಡುಸೂಜಿ ಬೀಳಿಸಿದರೆ ಇನ್ನೊಂದು ತುದಿಗೆ ಕೇಳುತ್ತದೆ. ಅಲ್ಲಿನ ಆರ್ಗನ್‌ಗೆ 11,623 ಕೊಳವೆಗಳಿವೆ. ಗಾಯಕವೃಂದದಲ್ಲಿ ಸುಮಾರು 360 ಜನ ಇದ್ದಾರೆ, ಯಾರಿಗೂ ಸಂಬಳವಿಲ್ಲ. ಶಿಕ್ಷಕರು, ನರ್ಸ್‌ಗಳು, ವಕೀಲರು ಕೆಲಸ ಮುಗಿಸಿ ಬಂದು ಹಾಡುತ್ತಾರೆ. ಅವರ ವಾರದ ರೇಡಿಯೋ ಕಾರ್ಯಕ್ರಮ 1929ರ ಜುಲೈ 15ರಿಂದ ನಡೆದುಕೊಂಡು ಬಂದಿದೆ. ಗುರುವಾರ ಸಂಜೆಯ ಅಭ್ಯಾಸಕ್ಕೆ ಟಿಕೆಟ್ ಇಲ್ಲದೆ ಹೋಗಿ ಕೂರಬಹುದು. ಹೋಗುವ ಮುನ್ನ ವೇಳಾಪಟ್ಟಿ ಒಮ್ಮೆ ನೋಡಿಕೊಳ್ಳಿ, ತಂಡ ಪ್ರವಾಸದಲ್ಲಿದ್ದರೆ ಇರುವುದಿಲ್ಲ.

ಪಕ್ಕದಲ್ಲೇ ಇರುವ ಸಾಲ್ಟ್ ಲೇಕ್ ಟೆಂಪಲ್ ಕಟ್ಟಲು ನಲವತ್ತು ವರ್ಷ ಹಿಡಿಯಿತು, 1853ರಿಂದ 1893. ಭೂಕಂಪ ತಡೆಯುವ ಅಡಿಪಾಯಕ್ಕಾಗಿ 2019ರ ಕೊನೆಯಿಂದ ಮುಚ್ಚಿದ್ದಾರೆ. ದುರಸ್ತಿ ಮುಗಿದ ಮೇಲೆ 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಾರ್ವಜನಿಕರಿಗೆ ಒಳಗೆ ಪ್ರವೇಶ ಎಂದು ಘೋಷಿಸಿದ್ದಾರೆ. ಯೂಟಾಕ್ಕೆ ಬರುವ ಯೋಚನೆ ಇದ್ದರೆ ಆ ತಿಂಗಳುಗಳಲ್ಲೇ ಬನ್ನಿ. ಭಾನುವಾರ ಮಾತ್ರ ಊಟಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ, ಬಹಳ ಅಂಗಡಿ ಮುಚ್ಚಿರುತ್ತವೆ.